ಕೋರಲ್‌ಗೆ ಸಿಹಿನೀರಿನ ಡಿಪ್: ಯಾವುದು ತಡ್ಕೊಳ್ಳುತ್ತೆ, ಯಾವುದು ತಡ್ಕೊಳ್ಳಲ್ಲ

"ಅಣ್ಣ, ಜೋವಾ ಮೇಲೆ ಏನೋ ಹುಳ ಕೂತಿದೆ, ಸಿಹಿನೀರಲ್ಲಿ ಅದ್ದಿ ತೆಗೆದ್ರೆ ಸಾಕಾ?" ಮಂಡ್ಯ ಕಡೆ ಹುಡುಗರು, ಇಲ್ಲಿ ಮೈಸೂರಲ್ಲಿ ಹೊಸದಾಗಿ ರೀಫ್ ಟ್ಯಾಂಕ್ (ಕೋರಲ್, ಅಂದ್ರೆ ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ) ಶುರು ಮಾಡಿರೋರು, ಎಲ್ಲರೂ ಕೇಳೋ ಪ್ರಶ್ನೆ ಇದು. ಜೋವಾ ಅಂದ್ರೆ ಜೋವಾಂಥಿಡ್, ಗುಂಪಾಗಿ ಹೂವಿನ ಥರ ಅರಳೋ ಮೆತ್ತನೆ ಕೋರಲ್; ಡಿಪ್ ಅಂದ್ರೆ ಹುಳ ಬೀಳ್ಸೋಕೆ ಕೋರಲನ್ನ ಸ್ವಲ್ಪ ಹೊತ್ತು ಅದ್ದಿ ತೆಗೆಯೋದು. ಸಾಕು ಅಂತನೂ ಹೇಳಕ್ಕಾಗಲ್ಲ, ಬೇಡ ಅಂತನೂ ಹೇಳಕ್ಕಾಗಲ್ಲ. ಯಾವ ಕೋರಲ್, ಯಾವ ಹುಳ, ಯಾವ ನೀರು, ಎಷ್ಟು ಹೊತ್ತು, ಈ ನಾಲ್ಕು ಗೊತ್ತಾಗ್ದೆ ಅದ್ದಿದ್ರೆ ಹುಳ ಬದುಕುತ್ತೆ ಕೋರಲ್ ಹೋಗುತ್ತೆ, ಇದನ್ನ ಎಷ್ಟೋ ಟ್ಯಾಂಕಲ್ಲಿ ನೋಡಿದೀನಿ, ಅದಕ್ಕೇ ಇದನ್ನ ಕೂತು ಪೂರ್ತಿ ಬರೀತಾ ಇದೀನಿ.

ಮೊದಲು ಈ "ಗಟ್ಟಿ ಕೋರಲ್" ಅನ್ನೋ ಮಾತು. ಅಂಗಡೀಲಿ "ತುಂಬ ಗಟ್ಟಿ ಸಾರ್, ಸಾಯಲ್ಲ" ಅಂತಾರೆ, ನಾವೂ ನಂಬ್ಕೊಂಡು ತರ್ತೀವಿ. ಆದ್ರೆ ಯಾವ ಏಟಿಗೆ ಗಟ್ಟಿ ಅಂತ ಕೇಳ್ಬೇಕು. ನೈಟ್ರೇಟ್ ಜಾಸ್ತಿ ಇದ್ರೂ ತಡ್ಕೊಳ್ಳೋದು ಒಂದು ಗಟ್ಟಿತನ, ಲೈಟ್ ಕಮ್ಮಿ ಇದ್ರೂ ಬೆಳೆಯೋದು ಇನ್ನೊಂದು, ಏಪ್ರಿಲಲ್ಲಿ ಟ್ಯಾಂಕ್ 29 ಡಿಗ್ರಿ ದಾಟಿದಾಗ ಉಳ್ಕೊಳ್ಳೋದು ಮತ್ತೊಂದು, ಉಪ್ಪಿನಂಶ ದಿಢೀರ್ ಅಂತ ಇಳಿದಾಗ ಮೈ ಹಿಡ್ಕೊಳ್ಳೋದು ಇವೆಲ್ಲಕ್ಕಿಂತ ಬೇರೆ. ಝೀನಿಯಾ ಅನ್ನೋ ಮೆತ್ತನೆ ಕೋರಲ್ ನೋಡಿ. ಗಲೀಜು ನೀರಲ್ಲೂ ಕಳೆ ಥರ ಹಬ್ಬುತ್ತೆ, ಕಲ್ಲಿಂದ ಕಲ್ಲಿಗೆ ಹೋಗುತ್ತೆ, ಎಲ್ಲರೂ ಗಟ್ಟಿ ಅಂತಾರೆ. ಅದನ್ನೇ ಸಿಹಿನೀರಲ್ಲಿ ಅದ್ದಿದ್ರೆ ಕರಗಿ ಲೋಳೆ ಆಗಿಬಿಡಬಹುದು. ಜೋವಾಂಥಿಡ್ ಮಾತ್ರ ಬಾಯಿ ಮುಚ್ಕೊಂಡು ಕೂತು, ಎರಡು ದಿನ ಆದ್ಮೇಲೆ ಏನೂ ಆಗಿಲ್ಲ ಅನ್ನೋ ಥರ ಅರಳುತ್ತೆ. ಎರಡೂ ಬಿಗಿನರ್ ಕೋರಲ್ಲೇ, ಎರಡೂ ಗಟ್ಟಿನೇ, ಆದ್ರೆ ಈ ಒಂದು ಏಟಿಗೆ ಒಂದೇ ಗಟ್ಟಿ.

ಯಾಕೆ ಹಂಗೆ ಅಂದ್ರೆ, ಸಮುದ್ರದ ನೀರಲ್ಲಿ ಕೇಜಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತೆ, ಉಪ್ಪು ಅಳೆಯೋ ನಮ್ಮ ರಿಫ್ರ್ಯಾಕ್ಟೋಮೀಟರಲ್ಲಿ ಸಾಪೇಕ್ಷ ಸಾಂದ್ರತೆ 1.026 ಹತ್ರ ತೋರ್ಸುತ್ತೆ. ಕೋರಲ್ ಮೈಯೊಳಗಿನ ನೀರಿನ ಸಾಂದ್ರತೆನೂ ಹೊರಗಿನ ಸಮುದ್ರದ ನೀರಿನಷ್ಟೇ. ಮೀನಿಗೆ ಕಿಡ್ನಿ ಇದೆ, ಕಿವಿರಲ್ಲಿ ಉಪ್ಪು ಹೊರಗೆ ಹಾಕೋ ಜೀವಕೋಶ ಇದೆ, ಅದು ಸ್ವಲ್ಪ ಹೊತ್ತು ಹೊಂದಿಸ್ಕೊಳ್ಳುತ್ತೆ, ಅದಕ್ಕೇ ಮೀನಿಗೆ ಸಿಹಿನೀರು ಡಿಪ್ ಐದು ನಿಮಿಷದವರೆಗೂ ಕೊಡ್ತಾರೆ. ಕೋರಲ್‌ಗೆ ಅಂಥ ಯಾವ ಅಂಗನೂ ಇಲ್ಲ. ಸಿಹಿನೀರಿಗೆ ಹಾಕಿದ ತಕ್ಷಣ ನೀರು ಜೀವಕೋಶದೊಳಗೆ ನುಗ್ಗುತ್ತೆ, ನೆನೆಹಾಕಿದ ಒಣದ್ರಾಕ್ಷಿ ಥರ ಉಬ್ಬುತ್ತೆ, ಜಾಸ್ತಿ ಹೊತ್ತು ಬಿಟ್ರೆ ಒಡೆಯುತ್ತೆ. ಡಿಪ್ ಅನ್ನೋದರ ಪೂರ್ತಿ ಲೆಕ್ಕ ಇರೋದೇ ಇಲ್ಲಿ: ಚಪ್ಪಟೆ ಹುಳದ ಮೈ ತೆಳು, ಅದು ಬೇಗ ಒಡೆಯುತ್ತೆ. ದಪ್ಪ ಚರ್ಮ ಇರೋ ಕೋರಲ್ ಮುಚ್ಕೊಂಡು, ಲೋಳೆ ಬಿಟ್ಕೊಂಡು ಸ್ವಲ್ಪ ತಡವಾಗಿ ಏಟು ತಿನ್ನುತ್ತೆ. ಆ ಎರಡರ ನಡುವಿನ ಒಂದೆರಡು ನಿಮಿಷ ಮಾತ್ರ ನಿಮ್ಮ ಕೈಲಿರೋದು. ತೆಳು ಚರ್ಮದ ಕೋರಲ್‌ಗೆ ಆ ನಡುವಿನ ಹೊತ್ತೇ ಇಲ್ಲ, ಹುಳ ಕೋರಲ್ ಎರಡೂ ಒಟ್ಟಿಗೆ ಹೋಗುತ್ತೆ.

ಸಮುದ್ರದಲ್ಲೂ ಇದೇ ನಡೆಯುತ್ತೆ. ಹವಾಯಿಯ ಓಆಹು ದ್ವೀಪದಲ್ಲಿ ಕನೆಓಹೆ ಅಂತ ಒಂದು ಕೊಲ್ಲಿ ಇದೆ, 1987ರ ಕೊನೇಲಿ ಹೊಸ ವರ್ಷದ ಹೊತ್ತಿಗೆ ಅಲ್ಲಿ ಭಾರಿ ಮಳೆ ಬಂದು ಹೊಳೆ ನೀರೆಲ್ಲ ಕೊಲ್ಲಿಗೆ ನುಗ್ತು, ಮೇಲಿನ ಒಂದೆರಡು ಮೀಟರ್ ನೀರಿನ ಉಪ್ಪು 35ರಿಂದ 15ರ ಹತ್ರಕ್ಕೆ ಇಳಿದು ಎರಡು ಮೂರು ದಿನ ಹಂಗೇ ಇತ್ತು. ಆಳ ಇಲ್ಲದ ಜಾಗದಲ್ಲಿದ್ದ ಕೋರಲ್ ರಾಶಿ ರಾಶಿ ಸತ್ತೋಯ್ತು. ಅದರಲ್ಲೂ ಪೊಸಿಲೊಪೋರಾ ಅನ್ನೋ ತೆಳು ಚರ್ಮದ ಕವಲು ಕೋರಲ್‌ಗೆ ಬಿದ್ದ ಏಟು ಜಾಸ್ತಿ, ಅದೇ ಕೊಲ್ಲಿಯ ಪೊರೈಟಿಸ್ ಮೇಲೆಲ್ಲ ಸತ್ತಂಗೆ ಕಂಡ್ರೂ ಒಳಗೆ ಉಳಿದಿದ್ದ ಚೂರುಪಾರು ಟಿಶ್ಯೂ ಇಂದ ಮತ್ತೆ ಬೆಳೀತು. ನಮ್ಮ ಟ್ಯಾಂಕಲ್ಲೂ ಅಷ್ಟೇ, ಪೊಸಿಲೊಪೋರಾ, ಬರ್ಡ್ಸ್‌ನೆಸ್ಟ್, ಮಾಂಟಿಪೋರಾ, ಆಕ್ರೊಪೋರಾ, ಅಂದ್ರೆ ಎಸ್‌ಪಿಎಸ್ (ಸಣ್ಣ ಪಾಲಿಪ್, ಅಂದ್ರೆ ಹೂವಿನಂಥ ಸಣ್ಣ ಸಣ್ಣ ಜೀವಿಗಳಿರೋ ಗಟ್ಟಿ ಎಲುಬಿನ ಕೋರಲ್) ಅಂತ ಕರೆಯೋ ಯಾವುದಕ್ಕೂ ಸಿಹಿನೀರು ಡಿಪ್ ಬೇಡ. ಅರ್ಧ ನಿಮಿಷ ಕೂಡ ಬೇಡ.

ಹಂಗಾದ್ರೆ ಯಾವುದಕ್ಕೆ ಕೊಡ್ಬೋದು? ಜೋವಾಂಥಿಡ್ ಮತ್ತೆ ಪಾಲಿಥೋವಾ ಎಲ್ಲಕ್ಕಿಂತ ಮುಂದೆ. ಆಮೇಲೆ ಡಿಸ್ಕೊಸೋಮಾ ಥರದ ಮಶ್ರೂಮ್. ಗ್ರೀನ್ ಸ್ಟಾರ್ ಪಾಲಿಪ್ ತಡ್ಕೊಳ್ಳುತ್ತೆ, ಆ ನೇರಳೆ ಚಾಪೆಯೊಳಗೆ ಪಾಲಿಪ್ ಎಳ್ಕೊಂಡು ಕೂತ್ಬಿಡುತ್ತೆ. ಟೋಡ್‌ಸ್ಟೂಲ್, ಫಿಂಗರ್ ಲೆದರ್ ಥರದ ಲೆದರ್ ಕೋರಲ್‌ಗೆ ಕೊಡ್ಬೋದು ಆದ್ರೆ ಲೋಳೆ ತುಂಬ ಬಿಡುತ್ತೆ, ಚರ್ಮ ಕಳಚುತ್ತೆ, ಒಂದು ವಾರ ಮುಖ ಗಂಟಿಕ್ಕೊಂಡಿರುತ್ತೆ. ಹ್ಯಾಮರ್, ಟಾರ್ಚ್, ಫ್ರಾಗ್‌ಸ್ಪಾನ್ ಅನ್ನೋ ದೊಡ್ಡ ಪಾಲಿಪ್ ಕೋರಲ್‌ಗಳಿಗೂ ಕೆಲವರು ಕೊಡ್ತಾರೆ, ನಾನು ಬೇಡ ಅಂತೀನಿ, ಯಾಕಂದ್ರೆ ಟಿಶ್ಯೂ ಒಂದು ಕಡೆ ಹರಿದ್ರೆ ಅಲ್ಲಿಂದ ಬ್ರೌನ್ ಜೆಲ್ಲಿ ಅನ್ನೋ ಕೊಳೆಸೋ ರೋಗ ಶುರು ಆಗಿ ಒಂದೇ ರಾತ್ರಿಲಿ ಇಡೀ ತಲೆ ತಿಂದ್ಹಾಕುತ್ತೆ. ಗೋನಿಯೋಪೋರಾ, ಝೀನಿಯಾ, ಅನಿಮೋನ್, ಸ್ಪಂಜ್, ಕ್ಲ್ಯಾಮ್, ಸೀಗಡಿ, ಶಂಖದ ಹುಳ, ನಕ್ಷತ್ರಮೀನು ಇವು ಯಾವುದನ್ನೂ ಹತ್ರಕ್ಕೂ ತರ್ಬೇಡಿ. ಜೋವಾ ಬುಡದಲ್ಲಿ ಸ್ಪಂಜ್ ಬೆಳ್ಕೊಂಡಿದ್ರೆ ಅದನ್ನ ಮೊದಲೇ ಕೆರೆದು ತೆಗೀರಿ, ಇಲ್ಲಾಂದ್ರೆ ಡಿಪ್ ಆದ್ಮೇಲೆ ಅದು ಅಲ್ಲೇ ಕೊಳೆತು ಪಕ್ಕದ ಪಾಲಿಪ್‌ಗಳನ್ನೂ ಕೆಡ್ಸುತ್ತೆ.

ಇಲ್ಲಿ ಒಂದು ಕಾನೂನಿನ ಮಾತು ಹೇಳಲೇಬೇಕು. ಗಟ್ಟಿ ಎಲುಬಿನ ರೀಫ್ ಕೋರಲ್ ಎಲ್ಲವೂ, ಜೊತೆಗೆ ಸೀ ಫ್ಯಾನ್, ಕಪ್ಪು ಹವಳ, ಫೈರ್ ಕೋರಲ್, ಆರ್ಗನ್ ಪೈಪ್ ಕೋರಲ್, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ 2001ರಲ್ಲೇ ಸೇರಿದಾವೆ. ಅಂದ್ರೆ ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ಚೂರು ಕಿತ್ಕೊಂಡು ಬರೋದು ಹುಲಿ ಇರೋ ಅದೇ ಶೆಡ್ಯೂಲಿನ ದೊಡ್ಡ ಅಪರಾಧ. ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗ್ಗೆ ಇರೋ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಲಿರೋ ವಿದೇಶಿ ಜೀವಿಗಳನ್ನ ಸಾಕೋರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಲ್ಲಿ ನೋಂದಣಿ ಮಾಡಿಸ್ಬೇಕು ಅಂತ 2024ರಲ್ಲಿ ನಿಯಮನೂ ಬಂದಿದೆ. ಕಾಗದಪತ್ರ ಇಲ್ದೆ ಯಾರಾದ್ರೂ ಕಮ್ಮಿ ರೇಟಿಗೆ ಕೊಡ್ತೀನಿ ಅಂದ್ರೆ ತಗೋಬೇಡಿ. ಮಶ್ರೂಮ್, ಜೋವಾ, ಲೆದರ್, ಇನ್ನೊಬ್ಬರ ಟ್ಯಾಂಕಲ್ಲಿ ಬೆಳೆದ ಫ್ರ್ಯಾಗ್ (ಕತ್ತರಿಸಿ ಬೆಳೆಸಿದ ತುಂಡು) ತಗೊಂಡ್ರೆ ಮನಸ್ಸಿಗೂ ಹಗುರ, ಅವು ಆಗಲೇ ಟ್ಯಾಂಕ್ ಜೀವನಕ್ಕೆ ಒಗ್ಗಿಕೊಂಡಿರೋದ್ರಿಂದ ಉಳ್ಕೊಳ್ಳೋದೂ ಜಾಸ್ತಿ.

ಇನ್ನು ಹುಳದ ಕಡೆ. ಸಿಹಿನೀರಿಗೆ ಚೆನ್ನಾಗಿ ಬೀಳೋದು ಚಪ್ಪಟೆ ಹುಳಗಳು, ಮಶ್ರೂಮ್ ಮೇಲೆ, ಲೆದರ್ ಮೇಲೆ ಕೆಂಪು ಕಂದು ಚುಕ್ಕೆ ಥರ ಕೂತಿರ್ತಾವಲ್ಲ ಅವು. ಜೋವಾ ತಿನ್ನೋ ನುಡಿಬ್ರಾಂಕ್‌ಗಳೂ (ಚಿಪ್ಪಿಲ್ಲದ ಸಮುದ್ರದ ಬಸವನಹುಳ) ಬೀಳ್ತಾವೆ, ಇವು ತಿಂದ ಜೋವಾದ ಬಣ್ಣನೇ ಮೈಗೆ ತಗೊಳ್ಳೋದ್ರಿಂದ ಅದು ಹುಳನಾ ಪಾಲಿಪ್ಪಾ ಅಂತನೇ ಗೊತ್ತಾಗಲ್ಲ, ಮುಚ್ಚಿಕೊಂಡೇ ಇರೋ ಜೋವಾ ಕಂಡ್ರೆ ಮೊದಲು ಇವನ್ನ ಹುಡುಕಿ. ಸಣ್ಣ ಏಡಿ, ಬ್ರಿಸಲ್ ಹುಳ ಇವೆಲ್ಲ ಓಡಿ ಹೊರಗೆ ಬರುತ್ತೆ. ಬೀಳದೇ ಇರೋದೂ ಇದೆ. ಸನ್‌ಡಯಲ್ ಬಸವನಹುಳ ತನ್ನ ಮುಚ್ಚಳ ಹಾಕ್ಕೊಂಡು ಆರಾಮಾಗಿ ಕೂರುತ್ತೆ, ಅದನ್ನ ರಾತ್ರಿ ಟಾರ್ಚ್ ಹಿಡ್ಕೊಂಡು ಚಿಮಟದಲ್ಲೇ ಕೀಳ್ಬೇಕು. ಕಲ್ಲಿಗೆ ಅಂಟಿರೋ ವರ್ಮೆಟಿಡ್ ಬಸವನಹುಳದ ಕೊಳವೆಗೂ ಏನೂ ಆಗಲ್ಲ. ಐಪ್ಟೇಸಿಯಾ ಅನ್ನೋ ಕಳೆ ಥರದ ಅನಿಮೋನ್ ಒಳಗೆ ಎಳ್ಕೊಂಡು ಮತ್ತೆ ಬರುತ್ತೆ. ಜೋವಾ ಪಾಕ್ಸ್ ಅಂತಾರಲ್ಲ, ಕಾಂಡದ ಮೇಲೆ ಸಣ್ಣ ಬಿಳಿ ಗುಳ್ಳೆ, ಅದು ಸಿಹಿನೀರಿಗೆ ಹೋಗಲ್ಲ. ಮೀನಿನ ವೈಟ್ ಸ್ಪಾಟ್ ರೋಗದ ಗೂಡು ಪ್ಲಗ್ (ಫ್ರ್ಯಾಗ್ ಅಂಟಿಸಿರೋ ಸಣ್ಣ ಬಿಲ್ಲೆ) ಮೇಲಿದ್ರೆ ಅದೂ ಹೋಗಲ್ಲ. ಎಲ್ಲಕ್ಕಿಂತ ಮುಖ್ಯ, ಮೊಟ್ಟೆಗೆ ಯಾವ ಡಿಪ್ಪೂ ತಾಗಲ್ಲ. ಹುಳ ಸತ್ತು ಮೊಟ್ಟೆ ಉಳಿದ್ರೆ ಒಂದೆರಡು ವಾರಕ್ಕೆ ಮತ್ತೆ ಅದೇ ಕಥೆ.

ಈಗ ನೀರು. ಮೈಸೂರು ಮಂಡ್ಯದಲ್ಲಿ ನಿಜವಾಗಿ ಎಡವಟ್ಟಾಗೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ನಲ್ಲಿಲಿ ಬರೋ ಕಾವೇರಿ, ಕಬಿನಿ ನೀರಿಗೆ ಕ್ಲೋರಿನ್ ಹಾಕಿರ್ತಾರೆ, ಅದನ್ನ ನೇರ ಹಾಕಿದ್ರೆ ಉಪ್ಪಿನ ಏಟಿನ ಜೊತೆ ಕ್ಲೋರಿನ್ ಸುಡೋದೂ ಸೇರ್ಕೊಳ್ಳುತ್ತೆ. ಬೋರ್ ನೀರಲ್ಲಿ ಕ್ಲೋರಿನ್ ಇರಲ್ಲ, ಆದ್ರೆ ಒಂದೊಂದು ಕಡೆ ಒಂದೊಂದು ಥರ, ಎಷ್ಟೋ ಬೋರಲ್ಲಿ ಗಡುಸು ಜಾಸ್ತಿ, ಗದ್ದೆ ಬಯಲಿನ ಕಡೆ ಗೊಬ್ಬರದ ನೈಟ್ರೇಟ್ ಕೂಡ ಇರುತ್ತೆ. ಹಂಗಾಗಿ ಆರ್‌ಒ ನೀರೇ ಒಳ್ಳೇದು. ಟಾಪ್ ಅಪ್‌ಗೆ (ಆವಿಯಾದ ನೀರು ತುಂಬಿಸೋಕೆ) ಅಂತ ಆರ್‌ಒ ಡಿಐ (ಆರ್‌ಒ ಆದ್ಮೇಲೆ ಉಳಿದ ಲವಣನೂ ತೆಗೆಯೋ) ಯೂನಿಟ್ ಇಟ್ಟಿರೋರು ಅದನ್ನೇ ತಗೊಳ್ಳಿ. ಇಲ್ದೇ ಇರೋರು ಅಡುಗೆಮನೆ ಪ್ಯೂರಿಫೈಯರ್ ನೀರು ತಗೋಬಹುದು, ಡಿಪ್ ಎರಡು ನಿಮಿಷದ್ದು, ಟಿಡಿಎಸ್ (ಕರಗಿರೋ ಲವಣದ ಅಳತೆ) 50 ಇದ್ರೂ ತೊಂದ್ರೆ ಇಲ್ಲ, ಆದ್ರೆ ಒಂದು ನೋಡ್ಕೊಳ್ಳಿ: ಈಗ ಬರೋ ಎಷ್ಟೋ ಪ್ಯೂರಿಫೈಯರಲ್ಲಿ ಆರೋಗ್ಯಕ್ಕೆ ಒಳ್ಳೇದು ಅಂತ ತಾಮ್ರ ಸೇರ್ಸೋ ಕಾರ್ಟ್ರಿಜ್ ಇರುತ್ತೆ. ನಮಗೆ ಒಳ್ಳೇದಿರಬಹುದು, ಕೋರಲ್‌ಗೆ, ಸೀಗಡಿಗೆ ತಾಮ್ರ ವಿಷ. ಅದೇ ಕಾರಣಕ್ಕೆ ಅಮ್ಮ ತುಂಬಿಸಿಟ್ಟಿರೋ ತಾಮ್ರದ ಬಿಂದಿಗೆ ನೀರೂ ಬೇಡ, ಬಚ್ಚಲಮನೆ ತಾಮ್ರದ ಹಂಡೆ ಕಾಸಿದ ನೀರೂ ಬೇಡ, ಗೀಸರ್ ನೀರೂ ಬೇಡ, ಅದರೊಳಗಿನ ಕಾಯಿಲ್ ತಾಮ್ರದ್ದಿರಬಹುದು. ನಲ್ಲಿ ನೀರು ಬಿಟ್ರೆ ಬೇರೆ ಗತಿನೇ ಇಲ್ಲ ಅಂದ್ರೆ ಹಿಂದಿನ ದಿನವೇ ಬಕೆಟಲ್ಲಿ ತುಂಬಿಸಿ ಏರ್ ಸ್ಟೋನ್ ಹಾಕಿ 24 ಗಂಟೆ ಬಿಡಿ, ಜೊತೆಗೆ ಆಂಟಿ ಕ್ಲೋರಿನ್ ಹನಿನೂ ಹಾಕಿ.

ನೀರು ಸಿಕ್ತು ಅಂತ ಅದ್ದೋಕೆ ಹೋಗ್ಬೇಡಿ. ಉಪ್ಪು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಟ್ಯಾಂಕಿನ ಥರನೇ ಇರ್ಬೇಕು, ಆಗ ಕೋರಲ್‌ಗೆ ಏಟು ಒಂದೇ, ಇಲ್ಲಾಂದ್ರೆ ಮೂರು ಏಟು ಒಟ್ಟಿಗೆ. ಟ್ಯಾಂಕ್ 26 ಡಿಗ್ರಿ ಇದ್ರೆ ಡಿಪ್ ನೀರೂ 26, ಒಂದು ಡಿಗ್ರಿ ಆಚೆ ಈಚೆ ಅಷ್ಟೇ. ಡಿಸೆಂಬರ್ ಬೆಳಿಗ್ಗೆ ಇಲ್ಲಿ ಬಕೆಟ್ ನೀರು ಮುಟ್ಟಿದ್ರೆ ಕೈ ಜುಮ್ಮನ್ನುತ್ತೆ, ಸಣ್ಣ ಅಕ್ವೇರಿಯಂ ಹೀಟರ್ ಹಾಕಿ ಬಿಡಿ, ಬೇಸಿಗೇಲಿ ಉಲ್ಟಾ, ಮಧ್ಯಾಹ್ನ ಬಕೆಟೇ ಟ್ಯಾಂಕಿಗಿಂತ ಬಿಸಿ ಇರುತ್ತೆ, ಬೆಳಿಗ್ಗೆ ಹೊತ್ತು ಮಾಡಿ. ಆಮೇಲೆ ಪಿಎಚ್. ಆರ್‌ಒ ನೀರಲ್ಲಿ ಹಿಡಿದಿಡೋ ಶಕ್ತಿನೇ ಇರಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿದ್ರೆ ಪಿಎಚ್ 6ರ ಕೆಳಗೂ ಹೋಗುತ್ತೆ, ಟ್ಯಾಂಕಲ್ಲಿ 8.2 ಹತ್ರ ಇರುತ್ತೆ. ಇದಕ್ಕೆ ದೊಡ್ಡ ಔಷಧಿ ಏನೂ ಬೇಡ, ಅಡುಗೆ ಸೋಡ ಸಾಕು, 5 ಲೀಟರಿಗೆ ಕಾಲು ಟೀ ಚಮಚ ಮಟ್ಟಸವಾಗಿ ಹಾಕಿ ಕಲ್ಸಿ, ಅರ್ಧ ಗಂಟೆ ಏರ್ ಸ್ಟೋನ್ ಓಡಿಸಿ, 8.2 ಸುತ್ತಮುತ್ತ ಬಂದು ನಿಲ್ಲುತ್ತೆ. ಅಡುಗೆ ಸೋಡ ಮಾತ್ರ, ಕೇಕಿಗೆ ಹಾಕೋ ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಹುಳಿ ಅಂಶ, ಪಿಷ್ಟ ಎಲ್ಲ ಇರುತ್ತೆ. ಬಟ್ಟೆ ಒಗೆಯೋ ಸೋಡಾನೂ ಅಲ್ಲ. ಏರ್ ಸ್ಟೋನ್ ಓಡಿಸೋದ್ರಿಂದ ಆಮ್ಲಜನಕನೂ ತುಂಬ್ಕೊಳ್ಳುತ್ತೆ, ಆ ಅರ್ಧ ಗಂಟೆ ಬಿಡ್ಬೇಡಿ.

ಇನ್ನೊಂದು, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಇದನ್ನ ನಾನು ಯಾರಿಗೂ ರಿಯಾಯಿತಿ ಕೊಡಲ್ಲ. ಜೋವಾ, ಪಾಲಿಥೋವಾ ಇವುಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ವಿಷ ಇರಬಹುದು, ಪ್ರಾಣಿಗಳಲ್ಲಿ ಸಿಗೋ ತುಂಬ ಭಯಂಕರ ವಿಷಗಳಲ್ಲಿ ಅದೂ ಒಂದು, 1971ರಲ್ಲಿ ಹವಾಯಿಯ ಪಾಲಿಥೋವಾದಿಂದಲೇ ಅದನ್ನ ಬೇರ್ಪಡಿಸಿದ್ದು. ನೋಡಿ ಯಾವುದರಲ್ಲಿ ಜಾಸ್ತಿ ಯಾವುದರಲ್ಲಿ ಕಮ್ಮಿ ಅಂತ ಹೇಳಕ್ಕಾಗಲ್ಲ. ಡಿಪ್ ಮಾಡೋವಾಗ ಇವು ಹೆದರಿ ನೀರು ಚಿಮ್ಮುತ್ತೆ, ಅದು ಕಣ್ಣಿಗೆ ಬೀಳಬಾರ್ದು, ಕೈಲಿ ಗಾಯ ಇದ್ರೆ ಅವತ್ತು ಆ ಕೆಲಸನೇ ಬೇಡ. ಮುಖ್ಯವಾಗಿ ಜೋವಾ ಇರೋ ಕಲ್ಲನ್ನ ಯಾವತ್ತೂ ಕುದಿಸ್ಬೇಡಿ, ಕುದಿಯೋ ನೀರು ಸುರೀಬೇಡಿ, ಹಬೆಲಿ ವಿಷ ಸೇರಿ ಉಸಿರಾಟಕ್ಕೆ ಹೋಗಿ ಮನೆ ಮಂದಿಯೆಲ್ಲ ಆಸ್ಪತ್ರೆ ಸೇರಿರೋ ಘಟನೆಗಳು ಹೊರದೇಶಗಳಲ್ಲಿ ಆಗಿದಾವೆ. ಮಕ್ಕಳು, ನಾಯಿ, ಬೆಕ್ಕು ಆ ರೂಮಲ್ಲಿ ಬೇಡ. ಕಿಚನ್ ಸಿಂಕಲ್ಲಿ ಮಾಡ್ಬೇಡಿ, ಹಿತ್ತಲಲ್ಲೋ ಬಾಲ್ಕನಿಲೋ ಮಾಡಿ.

ಡಿಪ್ ಮಾಡೋದು ಹೀಗೆ. ಮೂರು ಡಬ್ಬ ಬೇಕು, ಸೋಪು ಮಸಾಲೆ ಯಾವುದೂ ಮುಟ್ಟಿಸದೇ ಇರೋ ಹೊಸ ಪ್ಲಾಸ್ಟಿಕ್ ಡಬ್ಬ, ಬಿಳಿ ಬಣ್ಣದ್ದಾದ್ರೆ ಬಿದ್ದ ಹುಳ ಚೆನ್ನಾಗಿ ಕಾಣುತ್ತೆ. ಮೊದಲನೇದ್ರಲ್ಲಿ ಟ್ಯಾಂಕ್ ನೀರು, ಎರಡನೇದ್ರಲ್ಲಿ ತಯಾರು ಮಾಡಿದ ಸಿಹಿನೀರು, ಮೂರನೇದ್ರಲ್ಲಿ ಮತ್ತೆ ಟ್ಯಾಂಕ್ ನೀರು ಏರ್ ಸ್ಟೋನ್ ಸಮೇತ. ಟರ್ಕಿ ಬೇಸ್ಟರ್ ಇಲ್ಲಾಂದ್ರೆ ಮೆಡಿಕಲ್ ಸ್ಟೋರಲ್ಲಿ ಸಿಗೋ 50 ಎಂಎಲ್ ಸಿರಿಂಜ್ ಸಾಕು, ಒಂದು ಮೆತ್ತನೆ ಹೊಸ ಟೂತ್‌ಬ್ರಶ್, ಮೊಬೈಲಲ್ಲಿ ಟೈಮರ್. ಮೊದಲನೇ ಡಬ್ಬದಲ್ಲಿ ಫ್ರ್ಯಾಗ್ ಇಟ್ಟು ಸಿರಿಂಜಲ್ಲಿ ನೀರು ಹೊಡೀರಿ, ಮಣ್ಣು, ಪಾಚಿ ಎಲ್ಲ ಹೋಗ್ಲಿ, ಪಾಲಿಪ್ ಎಲ್ಲ ಪೂರ್ತಿ ಮುಚ್ಕೊಳ್ಳಲಿ, ಅರಳಿರೋವಾಗ ಸಿಹಿನೀರಿಗೆ ಹಾಕ್ಬೇಡಿ. ಆಮೇಲೆ ಎರಡನೇದಕ್ಕೆ ಹಾಕಿ ಟೈಮರ್ ಒತ್ತಿ. ಮೊದಲ ಸಲ ಅಂದ್ರೆ, ಡಿಪ್ ಕೊಡ್ಬೋದು ಅಂತ ಮೇಲೆ ಹೇಳಿದ ಯಾವ ಕೋರಲ್ ಆದ್ರೂ ಒಂದೇ ನಿಮಿಷ. ಜೋವಾ ಅದನ್ನ ಚೆನ್ನಾಗಿ ತಡ್ಕೊಂಡ್ರೆ ಮುಂದಿನ ಸಲ ಎರಡು, ಜಾಸ್ತಿ ಅಂದ್ರೆ ಮೂರು. ಮಶ್ರೂಮ್, ಲೆದರ್, ಸ್ಟಾರ್ ಪಾಲಿಪ್ ಒಂದೇ ನಿಮಿಷಕ್ಕೆ ಸಾಕು. ಆ ಹೊತ್ತಲ್ಲಿ ಸುಮ್ನೆ ನೋಡ್ತಾ ಕೂರ್ಬೇಡಿ, ಸಿರಿಂಜಿಂದ ಕಾಂಡದ ಸಂದು, ಪ್ಲಗ್ ಕೆಳಗೆ, ಮಡಿಕೆ ಒಳಗೆ ಹೊಡೀತಾನೇ ಇರಿ, ಸಿಹಿನೀರಿಗೆ ಹಿಡಿತ ಸಡಿಲ ಆಗಿರೋ ಹುಳಕ್ಕೆ ಆ ನೀರಿನ ರಭಸವೇ ಬೀಳ್ಸೋದು. ಟೈಮರ್ ಕೂಗ್ತಿದ್ದಂಗೆ ಎತ್ತಿ ನೇರ ಮೂರನೇ ಡಬ್ಬಕ್ಕೆ, ನಿಧಾನಕ್ಕೆ ಉಪ್ಪಿಗೆ ಒಗ್ಗಿಸ್ಬೇಕು ಅಂತ ಕೆಲವರು ಹನಿ ಹನಿ ಬಿಡ್ತಾ ಕೂರ್ತಾರೆ, ಅದರಿಂದ ಸಿಹಿನೀರಲ್ಲಿರೋ ಹೊತ್ತು ಜಾಸ್ತಿ ಆಗುತ್ತೆ ಅಷ್ಟೇ. ಅಲ್ಲಿ 15 ನಿಮಿಷ ಬಿಟ್ಟು ಕ್ವಾರಂಟೈನ್ ಟ್ಯಾಂಕಿಗೆ. ಈ ಮೂರೂ ಡಬ್ಬದ ನೀರು ಒಂದು ಹನಿನೂ ಟ್ಯಾಂಕಿಗೆ ವಾಪಸ್ ಹೋಗಬಾರ್ದು, ಕೆಂಪು ಚಪ್ಪಟೆ ಹುಳ ಸಾಯುವಾಗ ತಾನೇ ವಿಷ ಬಿಡುತ್ತೆ.

ಮೊಟ್ಟೆ ಕೆಲಸ ಇನ್ನೂ ಇದೆ. ಭೂತಗನ್ನಡಿ ಹಿಡ್ಕೊಂಡು ಕಾಂಡದ ಪಕ್ಕ, ಪ್ಲಗ್ ಅಂಚಿನಲ್ಲಿ ಸುರುಳಿ ಥರ ಬಿಳಿ ಲೋಳೆ ಕಂಡ್ರೆ ಅದೇ ನುಡಿಬ್ರಾಂಕ್ ಮೊಟ್ಟೆ, ಬ್ರಶ್ಶಿಂದ ಉಜ್ಜಿ, ಬರ್ಲಿಲ್ಲಾಂದ್ರೆ ಬ್ಲೇಡಲ್ಲಿ ಕೆರೀರಿ. ಹಳೇ ಪ್ಲಗ್ ಸಾಧ್ಯ ಆದ್ರೆ ಎಸೆದುಬಿಡಿ, ಹೊಸ ಪ್ಲಗ್ಗಿಗೆ ಸೂಪರ್ ಗ್ಲೂ ಜೆಲ್ ಹಾಕಿ ಅಂಟಿಸಿ, ಫೆವಿಕ್ವಿಕ್ ಥರದ ಅಂಟು ಅಂದ್ರೆ ಸಯನೊಅಕ್ರಿಲೇಟೇ, ನೀರಲ್ಲಿ ಗಟ್ಟಿ ಆಗುತ್ತೆ, ಕೋರಲ್‌ಗೆ ತೊಂದ್ರೆ ಇಲ್ಲ, ತೆಳು ಅಂಟಿಗಿಂತ ಜೆಲ್ ಇದ್ರೆ ಕೆಲಸ ಸುಲಭ. ಮೀನಿನ ರೋಗದ ಗೂಡು, ಸಣ್ಣ ಐಪ್ಟೇಸಿಯಾ ಎಲ್ಲ ಆ ಹಳೇ ಪ್ಲಗ್ ಜೊತೆಗೇ ಹೋಗುತ್ತೆ, ಹಾಗಾಗಿ ಡಿಪ್‌ಗಿಂತ ಪ್ಲಗ್ ಬದಲಾಯಿಸೋದೇ ಎಷ್ಟೋ ಸಲ ಜಾಸ್ತಿ ಉಪಯೋಗಕ್ಕೆ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ.

ಡಿಪ್ ಆದ್ಮೇಲೆ ಲೈಟ್ ಕಮ್ಮಿ ಮಾಡಿ, ಫ್ಲೋ ಮಧ್ಯಮ ಇರ್ಲಿ, ಲೋಳೆ ಕೊಚ್ಕೊಂಡು ಹೋಗೋ ಅಷ್ಟು. ಎರಡು ದಿನ ಊಟ ಹಾಕ್ಬೇಡಿ. ಜೋವಾ ಒಂದರಿಂದ ಮೂರು ದಿನಕ್ಕೆ ಅರಳುತ್ತೆ, ಕೆಲವು ವಾರ ತಗೊಳ್ಳುತ್ತೆ, ಕಾಂಡ ಗಟ್ಟಿಯಾಗಿದ್ರೆ ಕಾಯಿರಿ. ಮಶ್ರೂಮ್ ಸುರುಟಿಕೊಂಡು ಕಾಲು ಭಾಗ ಆಗುತ್ತೆ, ಅದೂ ಸರಿನೇ. ಆದ್ರೆ ಮೈ ಪದರ ಪದರವಾಗಿ ಉದುರ್ತಿದ್ರೆ, ಕಂದು ಲೋಳೆ ಬಂದ್ರೆ, ಎತ್ತಿ ಮೂಸಿದಾಗ ಕೊಳೆತ ವಾಸನೆ ಬಂದ್ರೆ ಆ ಭಾಗ ಕತ್ತರಿಸಿ ಬೇರೆ ಮಾಡಿ, ಸಣ್ಣ ಟ್ಯಾಂಕಲ್ಲಿ ಅದೊಂದೇ ಕೊಳೆತ್ರೂ ಅಮೋನಿಯಾ ಏರುತ್ತೆ. ಉಳಿದಿರೋ ಮೊಟ್ಟೆ ಒಡೆದು ಬರೋ ಮರಿಗಳಿಗೋಸ್ಕರ ಐದರಿಂದ ಏಳು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಡಿಪ್ ಮತ್ತೆ ಮಾಡ್ಬೇಕು, ಒಂದೇ ಸಲಕ್ಕೆ ಬಿಟ್ರೆ ಮಾಡಿದ್ದೂ ದಂಡ. ಹಿಂದಿನ ಡಿಪ್ಪಿಂದ ಇನ್ನೂ ಅರಳೇ ಇಲ್ಲ ಅಂದ್ರೆ ಮಾತ್ರ ಆ ವಾರ ಬಿಟ್ಟು ಕೈಲೇ ಹುಳ, ಮೊಟ್ಟೆ ಆರಿಸಿ.

ಬೆಂಗಳೂರು, ಚೆನ್ನೈ ಕಡೆಯಿಂದ ಪಾರ್ಸಲಲ್ಲಿ ಬಂದ ಕೋರಲ್‌ಗೆ ಬಂದ ದಿನವೇ ಸಿಹಿನೀರು ಕೊಡ್ಬೇಡಿ. ಬ್ಯಾಗಲ್ಲಿ ರಾತ್ರಿಯೆಲ್ಲ ಕೂತು ಸುಸ್ತಾಗಿರುತ್ತೆ, ಅದರ ಮೇಲೆ ಬ್ಯಾಗ್ ನೀರಿನ ಉಪ್ಪೇ ಕಮ್ಮಿ ಇರಬಹುದು, ಮೀನಿನ ಟ್ಯಾಂಕ್‌ಗಳನ್ನ 1.022 ಹಂಗೆ ಇಡೋ ಮಾರಾಟಗಾರರು ಇದಾರೆ, ಮೊದಲು ರಿಫ್ರ್ಯಾಕ್ಟೋಮೀಟರಲ್ಲಿ ಬ್ಯಾಗ್ ನೀರು ನೋಡಿ. ಆ ರಿಫ್ರ್ಯಾಕ್ಟೋಮೀಟರನ್ನ ಬರೀ ಆರ್‌ಒ ನೀರಲ್ಲಿ ಸೊನ್ನೆಗೆ ಕೂರಿಸಿದ್ರೆ ಸಾಲದು, ಉಪ್ಪು 35 ತೋರಿಸೋ ಕ್ಯಾಲಿಬ್ರೇಷನ್ ದ್ರಾವಣದಲ್ಲಿ ಕೂರಿಸಿ. ಬ್ಯಾಗ್ ಬಿಚ್ಚಿದ ಮೇಲೆ ಗಂಟೆಗಟ್ಟಲೆ ಡ್ರಿಪ್ (ಹನಿ ಹನಿಯಾಗಿ ಟ್ಯಾಂಕ್ ನೀರು) ಬಿಡೋದೂ ಬೇಡ, ಬಿಚ್ಚಿದ ತಕ್ಷಣ ಡೈಆಕ್ಸೈಡ್ ಹೊರಗೆ ಹೋಗಿ ಪಿಎಚ್ ಏರಿ ಅದರಲ್ಲಿರೋ ಅಮೋನಿಯಾ ವಿಷ ಆಗುತ್ತೆ. ಹೊಸದಾಗಿ ಬಂದಿದ್ದಕ್ಕೆ ಟ್ಯಾಂಕ್ ನೀರಲ್ಲೇ ಕಲ್ಸೋ ಕೋರಲ್ ಡಿಪ್, ಅಯೋಡಿನ್ ಡಿಪ್ ಬಾಟಲಿ ಮೇಲೆ ಬರೆದಷ್ಟೇ ಅಳತೆಲಿ ಕೊಡಿ, ಎಸ್‌ಪಿಎಸ್‌ಗೂ ಹ್ಯಾಮರ್ ಟಾರ್ಚ್‌ಗೂ ಇದೇ ದಾರಿ. ಸಿಹಿನೀರು ಅನ್ನೋದು ಕಣ್ಣಿಗೆ ಹುಳ ಕಂಡು, ಅದು ಸಿಹಿನೀರಿಗೆ ಬೀಳೋ ಹುಳನೇ ಅಂತ ಖಾತ್ರಿ ಆಗಿ, ಕೋರಲ್ಲೂ ಜೋವಾ, ಮಶ್ರೂಮ್ ಥರದ್ದೇ ಆಗಿದ್ರೆ ಮಾತ್ರ.

ಕಲ್ಲಿಗೆ ಅಂತೂ ಬೇಡವೇ ಬೇಡ. ಲೈವ್ ರಾಕನ್ನ (ಸಣ್ಣ ಜೀವಿಗಳು ತುಂಬಿರೋ ಟ್ಯಾಂಕಿನ ಕಲ್ಲು) ಸಿಹಿನೀರಲ್ಲಿ ಮುಳುಗಿಸಿದ್ರೆ ಏಡಿ, ಮ್ಯಾಂಟಿಸ್ ಸೀಗಡಿ ಹೊರಗೆ ಓಡಿ ಬರೋದು ನಿಜ, ಜೊತೆಗೆ ಒಳಗಿರೋ ಸ್ಪಂಜು, ಒಳ್ಳೇ ಹುಳ ಎಲ್ಲ ಸತ್ತು ವಾಪಸ್ ಟ್ಯಾಂಕಿಗೆ ಹಾಕಿದ ಮೇಲೆ ಅಮೋನಿಯಾ ಏರುತ್ತೆ. ಅದಕ್ಕೆ ಉಲ್ಟಾ ಮಾಡಿ, 1.035 ಹತ್ರ ಉಪ್ಪು ಜಾಸ್ತಿ ಇರೋ ನೀರು ಕಲ್ಸಿ ಒಂದು ನಿಮಿಷ ಅದ್ದಿ ಅಲ್ಲಾಡ್ಸಿ, ಬೇಡದ ಪ್ರಾಣಿ ಆಗಲೂ ಓಡಿ ಬರುತ್ತೆ, ಕಲ್ಲಿನ ಜೀವಕ್ಕೆ ಅಷ್ಟು ಹಾನಿ ಇಲ್ಲ.